ಡೇರಿ ಗೋಡೆಯ ಹಸಿರು

ತಿಪಟೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಬಿಳಿಗೆರೆ ದಾಟಿ ನಮ್ಮೂರಿನ ಕಡೆಗೆ ತಿರುಗಿದ ಮೇಲೆ ಎಡಗಡೆಯ ಒಂದು ತೋಟವನ್ನು ನೋಡಿ ಪಕ್ಕದಲ್ಲಿ ಕೂತಿದ್ದ ಹೆಂಗಸು, "ಅಯ್ಯೋ ಶಿವನೇ, ಯಾರೋ ತೋಟಕ್ಕೆ ಬೆಂಕಿ ಇಕ್ಕವ್ರಲ್ರೀ" ಎಂದಳು. ನಾನೂ ಹಾಗೇ ಅಂದುಕೊಂಡೆ. ಸುಳಿಯ ಹತ್ತಿರದ ನಾಲ್ಕಾರು ಗರಿ ಬಿಟ್ಟರೆ ಉಳಿದವೆಲ್ಲ ಕಂದಿ, ಉರಿ ತಗುಲಿದ ಹಾಗೆ ಜೋತುಬಿದ್ದಿದ್ದವು. ಆದರೆ ಮರದ ಬುಡದ ಹುಲ್ಲು ಹಸಿರಾಗಿಯೇ ಇತ್ತು. ಇದೆಂಥ ಬೆಂಕಿ, ಹುಲ್ಲು ಬಿಟ್ಟು ಗರಿ ಸುಟ್ಟಿದೆಯಲ್ಲ ಎಂದು ಯೋಚಿಸುತ್ತಲೇ ಮನೆಗೆ ಬಂದೆ.

ಮಾರನೆಯ ದಿನ ಬೆಳಿಗ್ಗೆ ಮೇಷ್ಟ್ರು ಮೊಪೆಡ್ ಹತ್ತಿ ನಮ್ಮ ಅಂಗಳಕ್ಕೆ ಬಂದರು. ಊರಿನ ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು. ಈಗ ತೋಟದ ಯಜಮಾನರಾಗಿ ಓಡಾಡುವವರಲ್ಲಿ ಅರ್ಧಕ್ಕರ್ಧ ಜನ ಅವರ ಮುಂದೆ ನಿಂತು ಮಗ್ಗಿ ಒಪ್ಪಿಸಿದವರೇ. ಹಣೆಯ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಯಾವಾಗಲೂ ಒಂದು ಭೂತಗನ್ನಡಿ. ಅಂದು ಅವರ ಕೈಯಲ್ಲಿ ತೆಂಗಿನ ಗರಿಯ ಒಂದು ತುಂಡಿತ್ತು. ಅದನ್ನು ಮಗುಚಿ ನನ್ನ ಕಣ್ಣಿಗೆ ಹಿಡಿದರು. ಎಲೆಯ ಅಡಿಭಾಗದಲ್ಲಿ ಹಿಕ್ಕೆಯನ್ನೂ ನೂಲನ್ನೂ ಸೇರಿಸಿ ನೇಯ್ದ ಒಂದು ಕೊಳವೆ. ಉಗುರಿನಿಂದ ಅದನ್ನು ಸೀಳಿದಾಗ ಒಳಗಿಂದ ಕಪ್ಪು ತಲೆಯ ಒಂದು ಹುಳು ಹೊರಗೆ ಬಂದು ತಲೆ ಅಲ್ಲಾಡಿಸಿತು.

"ಇದು ಕಪ್ಪು ತಲೆ ಹುಳ ಕಣಮ್ಮ. ಎಲೆಯ ಹಸಿರನ್ನೆಲ್ಲ ಕೆರೆದು ತಿನ್ನುತ್ತೆ. ಅದಕ್ಕೇ ಸುಟ್ಟಂಗೆ ಕಾಣೋದು. ನೀನು ಕಾಲೇಜಲ್ಲಿ ಪ್ರಾಣಿಶಾಸ್ತ್ರ ಓದಿದೀಯಲ್ವಾ?"

ಮದುವೆಯಾಗಿ ಈ ಊರಿಗೆ ಬಂದ ಮೇಲೆ ನಾನು ಓದಿದ್ದೇನು ಎಂದು ಯಾರೂ ಕೇಳಿರಲಿಲ್ಲ. ನನ್ನ ಯಜಮಾನರು ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಕೆಲಸಕ್ಕಿದ್ದರು. ಬೆಳಿಗ್ಗೆ ಹೋದರೆ ಸಂಜೆ ಬರುವವರು. ತೋಟ ನೋಡಿಕೊಳ್ಳುವವಳು ನಾನು. ಮೇಷ್ಟ್ರು ಹಾಗೆ ಕೇಳಿದಾಗ ನನಗೆ ಆದ ಸಂತೋಷ ಈಗ ನೆನೆದರೆ ನಾಚಿಕೆಯಾಗುತ್ತದೆ.

ಈ ಹುಳುವಿಗೆ ಮದ್ದು ಇನ್ನೊಂದು ಹುಳ. ಇರುವೆಗಿಂತ ಸಣ್ಣದಾದ ಒಂದು ಕಪ್ಪು ಕಣಜ. ಅದು ಹುಳುವನ್ನು ಕುಟುಕಿ ಜಡ ಮಾಡಿ ಅದರ ಮೈಮೇಲೆ ಮೊಟ್ಟೆ ಇಡುತ್ತದೆ. ಮರಿಗಳು ಹುಳುವನ್ನೇ ಹೀರಿ ಬೆಳೆಯುತ್ತವೆ. ಪುಸ್ತಕದ ಭಾಷೆಯಲ್ಲಿ ಅದಕ್ಕೆ ಪರೋಪಜೀವಿ ಎನ್ನುತ್ತಾರೆ. ನಮ್ಮೂರಿನ ಬಾಯಿಗೆ ಆ ಮಾತು ಹೊಂದಲಿಲ್ಲ, ಎಲ್ಲರೂ ಅದನ್ನು ಪರೋಪಕಾರಿ ಹುಳ ಎಂದೇ ಕರೆದರು. ಮೇಷ್ಟ್ರು ಮೊದಮೊದಲು ತಿದ್ದಿದರು, ಆಮೇಲೆ ಅವರೂ ಹಾಗೇ ಅನ್ನತೊಡಗಿದರು.

ತೊಂದರೆ ಇದ್ದದ್ದು ಬೇರೆ ಕಡೆ. ನಮ್ಮಲ್ಲಿ ಒಂದು ತೋಟಕ್ಕೂ ಇನ್ನೊಂದಕ್ಕೂ ನಡುವೆ ಒಂದು ಬದು, ಇಲ್ಲ ಕಳ್ಳಿಬೇಲಿ, ಅಷ್ಟೆ. ಹುಳುವಿನ ಚಿಟ್ಟೆಗೆ ಅದು ಲೆಕ್ಕಕ್ಕೇ ಇಲ್ಲ. ಒಂದು ತೋಟದಲ್ಲಿ ಕಣಜ ಬಿಟ್ಟು ಪಕ್ಕದ ತೋಟದಲ್ಲಿ ಬಿಡದಿದ್ದರೆ ಹುಳು ಅಲ್ಲಿ ಬೆಳೆದು ಮತ್ತೆ ಇಲ್ಲಿಗೆ ಬರುತ್ತದೆ. ಒಬ್ಬ ವಿಷ ಹೊಡೆದರೆ ಸುತ್ತಲಿನವರ ಕಣಜವೂ ಸಾಯುತ್ತದೆ. ಊರಿನ ಎಲ್ಲರೂ, ಅಂದರೆ ನೂರಾರು ಜನ, ಒಂದೇ ವಾರದಲ್ಲಿ ಬಿಡಬೇಕು, ಮತ್ತೆ ಮತ್ತೆ ಬಿಡಬೇಕು, ಯಾರೂ ಔಷಧಿ ಮುಟ್ಟಬಾರದು. ನಮ್ಮೂರಲ್ಲಿ ಒಂದು ಚರಂಡಿ ತೆಗೆಯಲಿಕ್ಕೂ ನಾಲ್ಕು ಜನ ಒಪ್ಪಿದ್ದನ್ನು ನಾನು ಕಂಡಿರಲಿಲ್ಲ.

"ಆಗುತ್ತಾ ಮೇಷ್ಟ್ರೇ?" ಎಂದು ಕೇಳಿದೆ.

"ಜನ ಕೆಟ್ಟೋರಲ್ಲ ಕಣಮ್ಮ, ಅವ್ರಿಗೆ ಗೊತ್ತಿರಲ್ಲ ಅಷ್ಟೆ. ಗೊತ್ತು ಮಾಡ್ಬೇಕು. ಗೊತ್ತಾದ ಮೇಲೂ ಮಾಡ್ದಿದ್ರೆ ಅವ್ರಿಗೂ ಏನಾರ ಸಿಗೋ ಹಂಗೆ ಮಾಡ್ಬೇಕು. ಎರಡೇ ಉಪಾಯ ಇರೋದು, ಎರಡೂ ಮಾಡಾಣ."

ನಮ್ಮ ಹಿತ್ತಲಲ್ಲಿ ಕಾಯಿ ಒಣಗಿಸುವ ಹಳೆಯ ಅಟ್ಟದ ಮನೆಯೊಂದಿತ್ತು. ಮೇಲೆ ಕಾಯಿ ಹರಡಿ ಕೊಬ್ಬರಿಯಾಗಲು ಬಿಡುತ್ತಿದ್ದೆವು, ಕೆಳಗೆ ಖಾಲಿ. ಆ ಕೆಳಗಿನ ಕೋಣೆಯನ್ನು ಸುಣ್ಣ ಬಳಿದು ಹುಳ ಸಾಕುವ ಮನೆ ಮಾಡಿದೆವು. ತುಮಕೂರಿನ ಕಡೆ ತರಬೇತಿ ಪಡೆದ ಒಬ್ಬರು ಬಂದು ಕಲಿಸಿಕೊಟ್ಟರು. ಪ್ಲಾಸ್ಟಿಕ್ ಬೇಸಿನ್ನುಗಳಲ್ಲಿ ಜೋಳದ ನುಚ್ಚು ತುಂಬಿ, ಅದರಲ್ಲಿ ಅಕ್ಕಿ ಪತಂಗದ ಹುಳ ಬೆಳೆಸಿ, ಆ ಹುಳವನ್ನು ಗಾಜಿನ ಕೊಳವೆಯಲ್ಲಿಟ್ಟು ಕಣಜಕ್ಕೆ ಒಪ್ಪಿಸುವುದು. ಹತ್ತಿಯಲ್ಲಿ ಜೇನು ಅದ್ದಿ ಕೊಳವೆಯ ಬಾಯಿಗೆ ಇಡುವುದು. ನಾನೂ ನನ್ನ ಓರಗಿತ್ತಿಯೂ ಸೇರಿ ಈ ಕೆಲಸಕ್ಕೆ ನಿಂತೆವು. ಆ ಕೋಣೆಗೆ ಹಿಟ್ಟಿನದೊಂದು ಮುಗ್ಗಲು ವಾಸನೆ ಬಂತು. ಅದು ನಮ್ಮ ಸೀರೆಗೂ ಹತ್ತಿ, ಮದುವೆ ಮನೆಗೆ ಹೋದರೆ ಪಕ್ಕದವರು ಮೂಗು ಮುರಿಯುತ್ತಿದ್ದರು.

ಆ ಕಣಜದ ಒಂದು ಗುಣ ನನಗೆ ಬಹಳ ಹಿಡಿಸಿತ್ತು. ಮೊಟ್ಟೆ ಇಟ್ಟ ಮೇಲೆ ತಾಯಿ ಕಣಜ ಎಲ್ಲಿಗೂ ಹೋಗುವುದಿಲ್ಲ. ಮರಿ ದೊಡ್ಡದಾಗುವವರೆಗೆ ಅಲ್ಲೇ ಕಾವಲು ಕೂತಿರುತ್ತದೆ. ಕೊಳವೆ ಅಲುಗಾಡಿಸಿದರೂ ಕದಲುವುದಿಲ್ಲ. ಮೇಷ್ಟ್ರ ಭೂತಗನ್ನಡಿಯಲ್ಲಿ ಅದನ್ನು ನೋಡುತ್ತ ನಾನು ಒಲೆಯ ಮೇಲಿನ ಹಾಲು ಉಕ್ಕಿಸಿದ್ದುಂಟು.

ಮೊದಲ ಸಭೆ ಶಾಲೆಯ ಅಂಗಳದಲ್ಲಿ ನಡೆಯಿತು. ಮೇಷ್ಟ್ರು ಕಪ್ಪು ಹಲಗೆಯ ಮೇಲೆ ಚಿತ್ರ ಬರೆದು ಹೇಳಿದರು. ಎಲ್ಲರೂ ತಲೆದೂಗಿದರು. "ಆಗ್ಲಿ ಮೇಷ್ಟ್ರೇ, ನೀವ್ ಹೇಳಿದ್ ಮೇಲೆ ಇನ್ನೇನು" ಎಂದರು. ಟೀ ಕುಡಿದರು. ಕಣಜ ಬಿಡುವ ದಿನ ಗಾಜಿನ ಕೊಳವೆ ಒಯ್ಯಲು ನಮ್ಮ ಹಿತ್ತಲಿಗೆ ಬಂದವರು ಮಾತ್ರ ಬೆರಳೆಣಿಕೆಯ ಜನ. ಅವರೆಲ್ಲ ತೋಟ ಆಗಲೇ ಅರ್ಧ ಸುಟ್ಟಂತಾಗಿದ್ದವರು.

ಪಕ್ಕದ ತೋಟ ನನ್ನ ಭಾವನದು, ಯಜಮಾನರ ದೊಡ್ಡಪ್ಪನ ಮಗ. ಸೋಮಾರಿಯಲ್ಲ, ಕೇಡಿಗನಂತೂ ಅಲ್ಲ. ನಮ್ಮ ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲ ಎಂದರೆ ಮೊದಲು ಗಾಡಿ ತೆಗೆಯುತ್ತಿದ್ದವರು ಅವರೇ. ಬದುವಿನ ಮೇಲೆ ನಿಂತು ಕೇಳಿದೆ.

"ಯಾಕ್ ಭಾವ, ನೀವು ಕೊಳವೆ ಒಯ್ಯಲಿಲ್ಲ?"

"ನೀನು ಬುಟ್ಟಿದೀಯಲ್ಲಮ್ಮ. ಅವೇನು ನಿನ್ ತೋಟದಲ್ಲೇ ಕುಂತಿರ್ತವಾ? ಇಲ್ಲಿಗೂ ಬತ್ತವೆ. ಅವಕ್ಕೆ ಬೇಲಿ ಗೊತ್ತಾ?" ಎಂದು ನಕ್ಕರು. "ಇನ್ನೂ ಒಂದ್ ಮಾತು. ಮರ ಹತ್ತೋನು ಸಿಗದೆ ನಂಗೆ ಕಾಯೇ ಕೀಳ್ಸಕ್ಕೆ ಆಗಿಲ್ಲ, ಹುಳ ಬುಡಕ್ಕೆ ಅವನನ್ನ ಎಲ್ಲಿಂದ ತರ್ಲಿ?"

ಎರಡು ಮಾತೂ ಸುಳ್ಳಲ್ಲ. ನಾನು ಮೇಷ್ಟ್ರಿಗೆ ಹೇಳಿದಾಗ ಅವರು ಬೇಸರ ಮಾಡಿಕೊಳ್ಳಲಿಲ್ಲ, ಬದಲಿಗೆ ಹುರುಪಾದರು. "ನೋಡಿದ್ಯಾ, ರೋಗ ತನ್ ತೋಟಕ್ಕೆ ಎಷ್ಟು ಹತ್ರ ಬಂದೈತೆ ಅಂತ ಅವ್ನಿಗೆ ಗೊತ್ತಿಲ್ಲ. ಕಣ್ಣಿಗೆ ಕಾಣೋ ಹಂಗೆ ತೋರಿಸ್ಬೇಕು."

ಊರಿನವರೆಲ್ಲ ಬೆಳಿಗ್ಗೆ ಸಂಜೆ ತಪ್ಪದೆ ಬರುವ ಜಾಗ ಹಾಲಿನ ಡೇರಿ. ಅದರ ಪಕ್ಕದ ಉದ್ದ ಗೋಡೆಯ ಮೇಲೆ ಮೇಷ್ಟ್ರು ಊರಿನ ತೋಟಗಳ ನಕ್ಷೆ ಬರೆದರು. ಹಳ್ಳ, ರಸ್ತೆ, ಗುಡಿ, ಪ್ರತಿಯೊಬ್ಬರ ತೋಟಕ್ಕೆ ಒಂದೊಂದು ಮನೆ, ಚೌಕಾಬಾರದ ಮನೆಯ ಹಾಗೆ. ಹುಳು ಇಲ್ಲದ ತೋಟಕ್ಕೆ ಹಸಿರು, ಶುರುವಾದದ್ದಕ್ಕೆ ಹಳದಿ, ಹೆಚ್ಚಿದ್ದಕ್ಕೆ ಕೆಂಪು. ವಾರಕ್ಕೊಮ್ಮೆ ತೋಟ ತೋಟ ತಿರುಗಿ, ಗರಿ ಎಣಿಸಿ, ತಾವೇ ಏಣಿ ಹತ್ತಿ ಬಣ್ಣ ಬದಲಾಯಿಸುತ್ತಿದ್ದರು. ಜನ ಹಾಲಿನ ಕ್ಯಾನು ಕೆಳಗಿಟ್ಟು ಗೋಡೆ ನೋಡುತ್ತಿದ್ದರು. ಅದು ಅಷ್ಟು ಹೊತ್ತು ಅವರನ್ನು ಹಿಡಿದು ನಿಲ್ಲಿಸಿದ್ದನ್ನು ನೋಡಿ ನನಗೂ ನಂಬಿಕೆ ಬಂತು.

ಆ ಗೋಡೆಯನ್ನು ಊರಿನವರಷ್ಟೇ ನೋಡಲಿಲ್ಲ. ಎಳನೀರು ವ್ಯಾಪಾರಕ್ಕೆ ಹೊರಗಿನಿಂದ ಬರುವವರೂ ಗಾಡಿ ನಿಲ್ಲಿಸಿ ನೋಡಿದರು. ಕೆಂಪು ಇದ್ದವರ ತೋಟಕ್ಕೆ ಅವರು ಕಾಲಿಡುವುದನ್ನೇ ಬಿಟ್ಟರು. ಹಸಿರಿನವರ ಮನೆ ಬಾಗಿಲಿಗೆ ತಾವಾಗಿ ಹೋದರು. ಕೆಳಗೇರಿಯ ಒಬ್ಬರು ತೋಟದ ಒಂದು ಭಾಗವನ್ನು ಮಾರಬೇಕೆಂದಿದ್ದರು. ಕೊಳ್ಳಲು ಬಂದವನು ಗೋಡೆ ನೋಡಿಕೊಂಡು ಹಾಗೇ ವಾಪಸ್ಸು ಹೋದನಂತೆ. ಅವರು ಡೇರಿ ಮುಂದೆ ಮೇಷ್ಟ್ರನ್ನು ತಡೆದು, "ನನ್ ತೋಟದ ಮಾನ ಬೀದೀಲಿ ಕಳೀತಿದೀರಲ್ಲ, ನಾನ್ ನಿಮ್ಗೇನ್ ಮಾಡಿದ್ದೆ?" ಎಂದು ಕೂಗಾಡಿದರು. ಅವರ ಕಣ್ಣಲ್ಲಿ ನೀರಿತ್ತು.

ಹಸಿರಿನವರು ಇನ್ನೂ ನಿರಾಳವಾದರು. ತಮ್ಮದು ಹಸಿರು ಎಂದು ಗೋಡೆಯೇ ಹೇಳುವಾಗ ಕೊಳವೆ ಯಾಕೆ ಒಯ್ಯಬೇಕು? ಭಾವನ ತೋಟ ಹಸಿರೇ ಇತ್ತು. ಅವರು ದಿನಾ ಹಾಲು ಹಾಕಲು ಹೋದಾಗ ಅದನ್ನು ಒಮ್ಮೆ ನೋಡಿ, ಸಮಾಧಾನವಾಗಿ ಬೀಡಿ ಹಚ್ಚುತ್ತಿದ್ದರು.

ಒಂದು ಬೆಳಿಗ್ಗೆ ಕೆಂಪು ಚೌಕವೊಂದರ ಮೇಲೆ ಯಾರೋ ಹಸಿರು ಬಣ್ಣ ಬಳಿದಿದ್ದರು. ಮೇಷ್ಟ್ರು ಮತ್ತೆ ಕೆಂಪು ಮಾಡಿದರು. ಮಾರನೆಯ ದಿನ ಇನ್ನೂ ಎರಡು ಮೂರು ಹಸಿರಾದವು. ಅವನು ಬಳಿದುಕೊಂಡ, ನಾನ್ಯಾಕೆ ಸುಮ್ಮನಿರಲಿ ಎಂದು ಒಬ್ಬರಾದ ಮೇಲೆ ಒಬ್ಬರು ಬಳಿದರು. ಕಿಬ್ಬನಹಳ್ಳಿಯ ಪೇಂಟಿನ ಅಂಗಡಿಯವನು ನಮ್ಮೂರಿಗೆ ಏನು ಹಬ್ಬ ಎಂದು ಕೇಳಿದನಂತೆ. ಕೊನೆಗೆ ಒಂದು ದಿನ ನಾನು ಹಾಲು ತೆಗೆದುಕೊಂಡು ಹೋದಾಗ ಇಡೀ ಗೋಡೆ ಹಸಿರಾಗಿತ್ತು. ಬೇರೆ ಬೇರೆ ಹಸಿರು, ಒಂದು ಗಿಳಿಹಸಿರು, ಒಂದು ಕಡುಹಸಿರು, ಒಂದು ಕಡೆ ಸಾಲದೆ ನೀಲಿ ಬೆರೆಸಿದ್ದರು. ಅದರ ಹಿಂದೆ, ಡೇರಿಯ ಹೆಂಚಿನ ಮೇಲುಗಡೆ, ಕಣ್ಣು ಹಾಯುವಷ್ಟು ದೂರ ಕಂದು ಗರಿಗಳು. ಮೇಷ್ಟ್ರು ಗೋಡೆಯ ಮುಂದೆ ನಿಂತಿದ್ದರು. ಏಣಿ ಮೊಪೆಡ್ಡಿಗೆ ಒರಗಿಸಿತ್ತು. ಅವರು ಅದನ್ನು ತೆಗೆಯಲಿಲ್ಲ. ಹಾಲು ಹಾಕಿ ಬಂದವರೆಲ್ಲ ಅವರಿಗೆ ನಮಸ್ಕಾರ ಹೇಳಿ ಹೋದರು.

"ಗೊತ್ತು ಮಾಡಿದ್ದು ಸಾಲ್ದು. ಏನಾರ ಕೈಗೆ ಸಿಗ್ಬೇಕು" ಎಂದರು ನನಗೆ.

ಆಗ ಬೇವಿನ ಹಿಂಡಿಯ ಯೋಚನೆ ಬಂತು. ತೆಂಗಿಗೆ ಅದು ಒಳ್ಳೆಯ ಗೊಬ್ಬರ, ಎಲ್ಲರಿಗೂ ಬೇಕಾದದ್ದು. ನಮ್ಮ ಬೆಳೆಗಾರರ ಸಂಘಕ್ಕೆ ದಾನಿಗಳೊಬ್ಬರಿಂದ ಒಂದು ಲಾರಿ ಹಿಂಡಿ ಬರುವಂತೆ ಮೇಷ್ಟ್ರು ಓಡಾಡಿ ಮಾಡಿದರು. ಹುಳು ಹತ್ತಿದ ಕೆಳಗಿನ ಗರಿಗಳನ್ನು ಕಡಿದು ಊರಾಚೆ ಗೋಮಾಳಕ್ಕೆ ತಂದು ಸುಡಲು ಕೊಟ್ಟವರಿಗೆ, ಒಂದು ಹೊರೆ ಗರಿಗೆ ಇಷ್ಟು ಹಿಂಡಿ. ಗರಿಯಲ್ಲಿ ಹುಳು ಇರಬೇಕು, ಅದನ್ನು ನಾನು ಹೊರೆ ಬಿಡಿಸಿ ನೋಡಬೇಕು. ನಿಯಮ ಇಷ್ಟೇ.

ಮೊದಲ ವಾರ ನಾನು ಬದುಕಿನಲ್ಲಿ ಕಂಡ ಒಳ್ಳೆಯ ವಾರಗಳಲ್ಲಿ ಒಂದು. ಗೋಮಾಳದ ತುಂಬ ಜನ. ಎತ್ತಿನ ಗಾಡಿ, ತಲೆಹೊರೆ, ಲಗೇಜ್ ಆಟೋ. ಸಭೆಗೆ ಬಾರದಿದ್ದವರೆಲ್ಲ ಬಂದರು. ಭಾವನೂ ಬಂದರು. "ನೋಡಮ್ಮ, ನಂದೂ ಹಸಿರೇನಲ್ಲ" ಎಂದು ನಗುತ್ತ ಗರಿ ಇಳಿಸಿದರು. ಒಣಗರಿ ಚಟಪಟನೆ ಉರಿದು ಹೊಗೆ ನೇರ ಮೇಲೆ ಹೋಗುತ್ತಿತ್ತು. ಮೇಷ್ಟ್ರು ತಮ್ಮ ಹಳೆಯ ಶಿಷ್ಯರ ಹೆಗಲ ಮೇಲೆ ಕೈ ಹಾಕಿ, "ಏನ್ಲಾ, ಆವತ್ತು ಭಾಗಾಕಾರ ಬರದೆ ಅತ್ತಿದ್ದೆ, ಇವತ್ತು ನೋಡು" ಎಂದು ತಮಾಷೆ ಮಾಡುತ್ತಿದ್ದರು.

ಆಮೇಲಿನ ವಾರ ಬಂದ ಗರಿಗಳಲ್ಲಿ ಕೆಲವು ಹಸಿಯಾಗಿದ್ದವು. ಹುಳು ಹತ್ತಿದ್ದು ಒಂದಿದ್ದರೆ ಅದರ ಸುತ್ತ ಹಸಿಗರಿ ನಾಲ್ಕು. ಹೊರೆ ದೊಡ್ಡದಾಗಲೆಂದು ಒಳ್ಳೆಯ ಮರದ ಒಳ್ಳೆಯ ಗರಿಗಳನ್ನೇ ಕಡಿದಿದ್ದರು. ಹಾಗೆ ಬೋಳಿಸಿದ ಮರಗಳನ್ನು ನಾನು ದಾರಿಯಲ್ಲಿ ಕಂಡೆ. ಸುಳಿಯೊಂದೇ ಉಳಿದು, ನೆಟ್ಟ ಕಂಬದ ಹಾಗಿದ್ದವು. ನಾನು ಹಿಂಡಿ ಕೊಡುವುದಿಲ್ಲವೆಂದರೆ, "ಹುಳ ಐತಲ್ಲಮ್ಮ, ನೋಡು ಇಲ್ಲಿ" ಎಂದು ಒಂದು ಎಲೆ ತೋರಿಸಿ ಜಗಳಕ್ಕೆ ನಿಂತರು.

ಅದರ ಮುಂದಿನ ವಾರ ಚಿಕ್ಕನಾಯಕನಹಳ್ಳಿ ಕಡೆಯಿಂದ ಒಂದು ಟ್ರ್ಯಾಕ್ಟರ್ ಬಂತು. ಟ್ರೇಲರ್ ತುಂಬ ಕಂದಿದ ಗರಿ. ನಮ್ಮೂರಿನವರೊಬ್ಬರು ತಮ್ಮ ಬೀಗರ ಊರಿನಿಂದ ಹೇರಿಸಿಕೊಂಡು ಬಂದಿದ್ದರು. ಅಲ್ಲಿ ಹುಳು ನಮ್ಮಲ್ಲಿಗಿಂತ ಹೆಚ್ಚಾಗಿತ್ತು, ಗರಿ ಪುಕ್ಕಟೆ ಸಿಕ್ಕಿತ್ತು. ಮೇಲೆ ಹೊದಿಕೆ ಇರಲಿಲ್ಲ. ಬರುವ ದಾರಿಯುದ್ದಕ್ಕೂ ಉಬ್ಬು ತಗ್ಗಿಗೆ ಕುಲುಕಿ ಗರಿ ಉದುರಿದ್ದವು.

"ಇದು ನಮ್ಮೂರಿನ ಗರಿ ಅಲ್ವಲ್ಲ?" ಎಂದು ಮೇಷ್ಟ್ರು ಕೇಳಿದರು.

"ಹುಳ ಹತ್ತಿರ್ಬೇಕು ಅಂದ್ರಿ, ಹತ್ತೈತೆ. ಯಾವೂರಿಂದು ಅಂತ ನೀವ್ ಹೇಳಿರ್ಲಿಲ್ಲವಲ್ಲ ಮೇಷ್ಟ್ರೇ" ಎಂದು ಅವರು ವಿನಯದಿಂದಲೇ ಹೇಳಿದರು. ಅವರೂ ಮೇಷ್ಟ್ರ ಶಿಷ್ಯರೇ.

ಆ ರಸ್ತೆಯ ಇಕ್ಕೆಲದ ತೋಟಗಳಲ್ಲಿ ಅದುವರೆಗೆ ಹುಳು ಇರಲಿಲ್ಲ. ಮಳೆಗಾಲ ಬರುವ ಹೊತ್ತಿಗೆ ಅಲ್ಲಿಯೂ ಕೆಳಗಿನ ಗರಿ ಕಂದತೊಡಗಿದವು.

ಆದರೆ ನನ್ನನ್ನು ಕುಗ್ಗಿಸಿದ್ದು ಅದಲ್ಲ. ಸುಡಲು ಒಟ್ಟಿದ ರಾಶಿಯಿಂದ ಒಂದು ದಿನ ಸುಮ್ಮನೆ ಒಂದು ಎಲೆ ಎತ್ತಿ ಅದರ ನೂಲಿನ ಕೊಳವೆ ಸೀಳಿದೆ. ಒಳಗೆ ಹುಳು ಜಡವಾಗಿ ಬಿದ್ದಿತ್ತು. ಅದರ ಮೈಮೇಲೆ ಬಿಳಿ ಮೊಟ್ಟೆಗಳ ಸಾಲು, ಪಕ್ಕದಲ್ಲಿ ತಾಯಿ ಕಣಜ. ಬೆಳಕು ಬಿದ್ದರೂ ಅದು ಹಾರಲಿಲ್ಲ. ಇನ್ನೊಂದು ಎಲೆ ಸೀಳಿದೆ, ಅದರಲ್ಲೂ ಒಂದು. ನಾವು ಬಿಟ್ಟಿದ್ದ ಕಣಜ ತೋಟಗಳಲ್ಲಿ ಹಬ್ಬಿತ್ತು, ಯಾರಿಗೂ ಕಾಣದ ಹಾಗೆ ಕೆಲಸ ಮಾಡುತ್ತಿತ್ತು. ಅದನ್ನೇ ನಾವು ಹೊರೆಗಟ್ಟಲೆ ತರಿಸಿ, ಹಿಂಡಿ ಕೊಟ್ಟು, ಬೆಂಕಿಗೆ ಹಾಕುತ್ತಿದ್ದೆವು. ಗರಿಯನ್ನು ಸುಡುವ ಮೊದಲು ಕೆಲವು ದಿನ ಬಲೆಯ ಪಂಜರದಲ್ಲಿ ಇಟ್ಟು ಕಣಜ ಹಾರಿಹೋಗಲು ಬಿಡಬೇಕೆಂದು ಕಲಿಸಿದವರು ಹೇಳಿದ್ದರು. ಬೆಟ್ಟದಷ್ಟು ಗರಿ ಬಂದು ಬಿದ್ದಾಗ ಯಾವ ಪಂಜರ ಸಾಕಾಗುತ್ತದೆ?

ಆ ಎಲೆಯನ್ನು ಮೇಷ್ಟ್ರಿಗೆ ತೋರಿಸಿದೆ. ಅವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಉರಿಯುತ್ತಿದ್ದ ರಾಶಿಯ ಕಡೆಗೆ ನೋಡಿದರು.

ಹಿಂಡಿ ನಿಲ್ಲಿಸಿದೆವು. ನಿಲ್ಲಿಸಿದ್ದು ಕೊಟ್ಟದ್ದಕ್ಕಿಂತ ಕೆಟ್ಟದಾಯಿತು. ಮುಂದಿನ ವಾರಕ್ಕೆಂದು ಗರಿ ಕಡಿದಿಟ್ಟುಕೊಂಡವರು ಅದನ್ನು ಸಂಘದ ಬಾಗಿಲಿಗೆ ತಂದು ಸುರಿದು ಹೋದರು. ನಮ್ಮ ಬೀದಿಯ ಒಬ್ಬ ಅಜ್ಜಿ ಇದ್ದರು, ಯಾರೂ ಹೇಳದಿದ್ದರೂ ವರ್ಷವರ್ಷವೂ ಒಣಗರಿ ತೆಗೆಸಿ ಮರದ ತಲೆ ಚೊಕ್ಕಟವಾಗಿ ಇಟ್ಟುಕೊಳ್ಳುತ್ತಿದ್ದವರು. ಆ ವರ್ಷ ಅವರ ತೋಟದಲ್ಲಿ ಹುಳು ಹತ್ತಿದ ಗರಿಗಳು ಹಾಗೇ ಜೋತಾಡುತ್ತಿದ್ದವು.

"ಯಾಕಜ್ಜಿ, ತೆಗೆಸಲಿಲ್ವಾ?" ಎಂದೆ.

"ಹಿಂಡಿ ಯಾವಾಗ ಬತ್ತದವ್ವ? ಬಂದ್ ಮೇಲೆ ತೆಗೆಸ್ತೀನಿ. ಈಗಲೇ ಕಡಿದ್ರೆ ಆಮೇಲೆ ನಂಗೆ ಸಿಗಲ್ವಲ್ಲ" ಎಂದರು. ಬಹಳ ಸಾಧುವಾದ ಹೆಂಗಸು. ನನಗೆ ಅಲ್ಲೇ ಅವರ ಜಗಲಿಯ ಮೇಲೆ ಕೂತುಬಿಡಬೇಕು ಅನ್ನಿಸಿತು.

ಆದರೂ ಕಣಜ ಬಿಡುವುದನ್ನು ನಾವು ನಿಲ್ಲಿಸಿರಲಿಲ್ಲ. ಬಿಡುವ ದಿನ ತಿಳಿಸಲೆಂದು ಮೇಷ್ಟ್ರು ಫೋನಿನಲ್ಲಿ ಊರಿನ ತೋಟದವರದೊಂದು ವಾಟ್ಸಪ್ ಗ್ರೂಪ್ ಮಾಡಿದ್ದರು. ದಿನಾ ಬೆಳಿಗ್ಗೆ ಅದರಲ್ಲಿ ಒಂದೆರಡು ಸಾಲು ಬರೆಯುತ್ತಿದ್ದರು. ಒಂದು ಮಧ್ಯಾಹ್ನ ಅದರಲ್ಲಿ ಯಾರೋ ಬೇರೆಯೇ ಸುದ್ದಿ ಹಾಕಿದರು. ಮೇಲಿನ ತೋಟದವರು ಡ್ರೋನ್ ತರಿಸಿ ವಿಷ ಹೊಡೆಸುತ್ತಿದ್ದಾರೆ, ಅಲ್ಲಿಯ ಹುಳುವೆಲ್ಲ ಎದ್ದು ಕೆಳಗಿನ ತೋಟಗಳಿಗೆ ಬರುತ್ತದೆ, ಹೊಡೆಸದೆ ಇದ್ದವರ ಕಥೆ ಮುಗಿಯಿತು ಎಂದು. ಹುಳುವಿಗೆ ರೆಕ್ಕೆಯಿಲ್ಲ, ವಿಷಕ್ಕೆ ಹೆದರಿ ಅದು ಎಲ್ಲಿಗೂ ಎದ್ದು ಬರುವುದಿಲ್ಲ ಎಂದು ಮೇಷ್ಟ್ರು ಕೂಡಲೇ ಬರೆದರು. ಅದರ ಕೆಳಗೆ ಡ್ರೋನಿನವನ ನಂಬರು ಯಾರದು ಎಂದು ಕೇಳುವ ಸಾಲುಗಳೇ ಬಂದು ಅವರ ಮಾತು ಮೇಲೆ ಮೇಲೆ ಹೋಗಿ ಕಾಣದಾಯಿತು. ಜನ ಮೇಷ್ಟ್ರ ಯಾವ ಮಾತನ್ನೂ ಅಷ್ಟು ಬೇಗ ಪಾಲಿಸಿರಲಿಲ್ಲ. ಇಡೀ ಊರನ್ನು ಒಂದೇ ವಾರದಲ್ಲಿ ಒಂದೇ ಕೆಲಸಕ್ಕೆ ಹಚ್ಚಬೇಕು ಎಂದು ಅವರು ಬಯಸಿದ್ದರು. ಆ ವಾರ ಇಡೀ ಊರು ಒಂದೇ ಕೆಲಸಕ್ಕೆ ಹತ್ತಿತು.

ಭಾವನ ತೋಟಕ್ಕೆ ಡ್ರೋನ್ ಬರುವ ದಿನ ಮೇಷ್ಟ್ರು ನನ್ನನ್ನು ಕರೆದುಕೊಂಡು ಅಲ್ಲಿಗೆ ಹೋದರು. ಡ್ರೋನಿನವನು ಡ್ರಮ್ಮಿನಲ್ಲಿ ಔಷಧಿ ಕಲಸುತ್ತಿದ್ದ. ಗಂಟಲು ಕೆರೆಯುವ ನಾತ.

"ಒಂದ್ ತಿಂಗ್ಳು ತಡೀಲಾ. ಕಣಜ ಹಿಡೀತಾ ಐತೆ. ನಾನೇ ನೋಡಿದೀನಿ, ಇವಳೂ ನೋಡಿದಾಳೆ" ಎಂದರು ಮೇಷ್ಟ್ರು.

ಭಾವ ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ನಾನ್ ತಡೀತೀನಿ ಅಂತಿಟ್ಕೊಳ್ಳಿ. ಮೇಲಿನೋನು ತಡೀತಾನಾ? ಕೆಳಗಿನೋನು? ಅವ್ರಿಬ್ರೂ ಹೊಡೆಸಿದ್ ಮೇಲೆ ನಿಮ್ ಕಣಜ ನನ್ ಒಬ್ಬನ ತೋಟದಲ್ಲಿ ಬದುಕ್ತದಾ?"

ಬದುಕುವುದಿಲ್ಲ ಎಂದು ಮೇಷ್ಟ್ರಿಗೆ ಗೊತ್ತಿತ್ತು.

"ನೀವ್ ಹೇಳೋದು ಊರಿಗೆ ಸರಿ ಐತೆ ಮೇಷ್ಟ್ರೇ. ಆದ್ರೆ ನಂಗೆ ಊರಿಲ್ಲ, ಇರೋದು ಈ ತೋಟ" ಎಂದು ಭಾವ ಮೆಲ್ಲಗೆ ಹೇಳಿದರು. "ನೀವಿಬ್ರೂ ಆ ಕಡೆ ನಿಂತ್ಕಳಿ, ಗಾಳಿ ಈ ಕಡೆ ಬೀಸ್ತಾ ಐತೆ."

ಡ್ರೋನ್ ಎದ್ದಿತು. ಗರಿಗಳು ಒಂದೇ ಸಮನೆ ಬಾಗಿ, ಅಲುಗಿ, ನಿಂತವು. ಮಂಜಿನ ಹಾಗೆ ಔಷಧಿ ಇಳಿದು ಬದು ದಾಟಿ ನಮ್ಮ ತೋಟದ ಮೇಲೂ ಬಂತು. ಮಾರನೆಯ ದಿನ ನಾನು ನಮ್ಮ ತೋಟದ ಗಿಡ್ಡ ಮರವೊಂದರ ಎಲೆಗಳನ್ನು ಬಿಡಿಸಿ ನೋಡಿದೆ. ಕಣಜಗಳು ಎಳ್ಳುಕಾಳಿನ ಹಾಗೆ ಉದುರಿದವು. ಹುಳುಗಳಲ್ಲಿ ಬಹಳಷ್ಟು ಸತ್ತಿದ್ದವು, ನಿಜ. ಆದರೆ ನೂಲಿನ ಕೊಳವೆಯೊಳಗೆ ಆಳದಲ್ಲಿದ್ದವು ಬದುಕಿದ್ದವು. ಅವುಗಳನ್ನು ತಿನ್ನುವವರು ಈಗ ಯಾರೂ ಇರಲಿಲ್ಲ. ಗೌರಿ ಹಬ್ಬ ಕಳೆಯುವ ಹೊತ್ತಿಗೆ ಊರಿನ ತೋಟಗಳು ಮೊದಲಿಗಿಂತ ಹೆಚ್ಚು ಕಂದಿದವು. ಮತ್ತೆ ಡ್ರೋನ್ ಬಂತು.

ಅದಾದ ಮೇಲೆ ಒಂದು ಸಂಜೆ ಮೇಷ್ಟ್ರು ನಮ್ಮ ಮನೆಗೆ ಬಂದರು. ಮೊಪೆಡ್ ತಂದಿರಲಿಲ್ಲ, ನಡೆದು ಬಂದಿದ್ದರು. ಕಾಫಿ ಕೊಟ್ಟೆ. ಯಜಮಾನರೂ ಆಗ ತಾನೆ ಮಂಡಿಯಿಂದ ಬಂದಿದ್ದರು. ಸ್ವಲ್ಪ ಹೊತ್ತು ಮಳೆಯ ಮಾತು ಆಡಿದ ಮೇಲೆ ಮೇಷ್ಟ್ರು ನನ್ನ ಕಡೆ ತಿರುಗಿದರು.

"ಎಲ್ಲಿ ತಪ್ಪಾಯ್ತು ಅಂತ ಹುಡುಕ್ತಾ ಇದೀನಿ ಕಣಮ್ಮ. ಒಬ್ಬೊಬ್ಬಂದೇ ತಗೊಂಡ್ ನೋಡಿದ್ರೆ ಎಲ್ಲಾರ್ದೂ ಸರಿಯಾಗೇ ಐತೆ. ನಿನ್ ಭಾವಂದೂ ಸರಿ, ಆ ಅಜ್ಜೀದೂ ಸರಿ. ಕೂಡಿದ್ರೆ ಉತ್ತರ ತಪ್ಪು ಬತ್ತದೆ. ಇಂಥ ಲೆಕ್ಕ ನಾನ್ ಯಾವತ್ತೂ ಮಾಡಿರ್ಲಿಲ್ಲ."

ನಾನು ಏನಾದರೂ ಹೇಳಬೇಕಿತ್ತು. ಇನ್ನೊಂದು ಸಲ ಮಾಡೋಣ ಮೇಷ್ಟ್ರೇ, ಎನ್ನಬಹುದಿತ್ತು. ನನ್ನ ಯಜಮಾನರೇ, "ಹೋಗ್ಲಿ ಬುಡಿ ಮೇಷ್ಟ್ರೇ, ಎಲ್ಲಾ ಊರಲ್ಲೂ ಇದೇ ಕತೆ" ಎಂದರು. ಆ ಮಾತು ಮೇಷ್ಟ್ರಿಗೆ ಸಮಾಧಾನ ಕೊಟ್ಟಿತೋ, ಇದ್ದದ್ದನ್ನೂ ಕಿತ್ತುಕೊಂಡಿತೋ, ಕಾಫಿ ಲೋಟ ಕೆಳಗಿಟ್ಟು ಎದ್ದರು.

ಮುಂದಿನ ವರ್ಷ ಮೇಷ್ಟ್ರ ತಮ್ಮ ಜೆಸಿಬಿ ತರಿಸಿ ಅವರಿಬ್ಬರ ಪಾಲಿನ ತೆಂಗನ್ನು ಉರುಳಿಸಿ ಅಡಿಕೆ ಸಸಿ ಇಡಿಸಿದರು. ಮೇಷ್ಟ್ರು ಬೇಡ ಅನ್ನಲಿಲ್ಲವಂತೆ. ಮರ ಬೀಳುವಾಗ ಭೂಮಿ ಅದುರುವುದು ನಮ್ಮ ಮನೆಯವರೆಗೂ ಗೊತ್ತಾಗುತ್ತಿತ್ತು. ಪಾತ್ರೆಗಳು ಸಣ್ಣಗೆ ಸದ್ದು ಮಾಡುತ್ತಿದ್ದವು. ಮೇಷ್ಟ್ರು ಮೊದಲೇ ಬೀಡಿಯಂಗಡಿಯ ಕಡೆಗೂ ಹೋಗದವರು, ಈಗ ಡೇರಿಯ ಕಡೆಗೂ ಬರುವುದನ್ನು ಬಿಟ್ಟರು. ದಾರಿಯಲ್ಲಿ ಸಿಕ್ಕಿದ ಶಿಷ್ಯರಿಗೆ ಚೆನ್ನಾಗಿದೀಯಾ ಎನ್ನುತ್ತಾರೆ, ಅಷ್ಟೆ. ತೋಟದ ಮಾತು ತೆಗೆದರೆ ಹೆಗಲ ಟವೆಲ್ಲು ಸರಿಮಾಡಿಕೊಂಡು ಮುಂದೆ ನಡೆಯುತ್ತಾರೆ. ಗ್ರೂಪಿನಿಂದ ಅವರು ಯಾವಾಗ ಹೊರಗೆ ಹೋದರೆಂದು ಯಾರೂ ಗಮನಿಸಲಿಲ್ಲ. ಅದು ಈಗಲೂ ಇದೆ. ಅದರಲ್ಲಿ ಡ್ರೋನಿನವನು ತಾನು ಬರುವ ದಿನ ತಿಳಿಸುತ್ತಾನೆ.

ನಾನು ಹುಳ ಸಾಕುವುದನ್ನು ಇನ್ನೂ ಕೆಲವು ತಿಂಗಳು ಎಳೆದೆ. ಓರಗಿತ್ತಿ ಬರುವುದನ್ನು ನಿಲ್ಲಿಸಿದಳು. ಅವಳನ್ನು ಬೈಯಲು ನನಗೆ ಕಾರಣವಿರಲಿಲ್ಲ. ಬಿಡಲು ಜಾಗವಿಲ್ಲದೆ ಕಣಜ ಕೊಳವೆಯಲ್ಲೇ ಹುಟ್ಟಿ ಕೊಳವೆಯಲ್ಲೇ ಸಾಯುತ್ತಿದ್ದವು. ಕೊನೆಗೆ ಒಂದು ದಿನ ನುಚ್ಚನ್ನೆಲ್ಲ ಎಮ್ಮೆಯ ಕಲಗಚ್ಚಿಗೆ ಸುರಿದು, ಬೇಸಿನ್ನುಗಳನ್ನು ತೊಳೆದು ಬಿಸಿಲಿಗೆ ಬೋರಲು ಹಾಕಿದೆ. ನಮ್ಮ ತೋಟಕ್ಕೂ ಈಗ ಔಷಧಿ ಹೊಡೆಸುತ್ತೇವೆ. ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ನೋಡಿ ನಾನೂ ಪಕ್ಕದವರಿಗೆ ಆ ಕಡೆ ನಿಲ್ಲಿ ಎನ್ನುತ್ತೇನೆ.

ಕಳೆದ ತಿಂಗಳು ತುರುವೇಕೆರೆ ಕಡೆಯಿಂದ ಒಬ್ಬ ಹೆಂಗಸು ಫೋನ್ ಮಾಡಿದ್ದಳು. ಅವರೂರಿನಲ್ಲಿ ಈಗ ಹುಳು ಕಾಣಿಸಿಕೊಂಡಿದೆಯಂತೆ. ನನ್ನ ನಂಬರು ಯಾರೋ ಕೊಟ್ಟರಂತೆ. ದನಿ ಕೇಳಿದರೆ ಸಣ್ಣ ವಯಸ್ಸು, ತುಂಬ ಉತ್ಸಾಹ.

"ಅಕ್ಕಾ, ಕಣಜ ಸಾಕೋದು ಹೆಂಗೆ ಅಂತ ಹೇಳಿಕೊಡ್ತೀರಾ?"

ಹೇಳಿಕೊಟ್ಟೆ. ನುಚ್ಚು ಎಷ್ಟು ಒರಟಾಗಿರಬೇಕು, ಬೇಸಿನ್ನಿಗೆ ಎಂಥ ಬಟ್ಟೆ ಕಟ್ಟಬೇಕು, ಜೇನನ್ನು ಎಷ್ಟು ತೆಳ್ಳಗೆ ಮಾಡಬೇಕು, ಇರುವೆ ಬಾರದಂತೆ ಮೇಜಿನ ಕಾಲಿಗೆ ನೀರಿನ ಬಟ್ಟಲು ಇಡಬೇಕು, ಎಲ್ಲವನ್ನೂ. ಒಂದೂ ಮರೆತಿರಲಿಲ್ಲ. ಅವಳು ಹೂಂ ಹೂಂ ಎನ್ನುತ್ತ ಕೇಳಿಸಿಕೊಂಡಳು.

"ಇಷ್ಟು ಮಾಡ್ತೀನಿ ಅಕ್ಕಾ, ಮನೇಲೂ ಒಪ್ಪವ್ರೆ. ನಮ್ಮೂರಲ್ಲಿ ತೋಟದೋರು ಶಾನೆ ಜನ ಅವ್ರೆ. ಅವ್ರೆಲ್ಲಾನೂ ಒಟ್ಟಿಗೆ ತರೋದು ಹೆಂಗೆ?"

ನಾನು ಫೋನು ಹಿಡಿದುಕೊಂಡು ಹಿತ್ತಲ ಬಾಗಿಲಲ್ಲಿ ನಿಂತೆ. ಅವಳು ಲೈನ್ ಕಟ್ಟಾಯಿತು ಅಂದುಕೊಂಡು, "ಅಕ್ಕಾ, ಕೇಳಿಸ್ತಾ ಐತಾ? ಅಕ್ಕಾ?" ಎನ್ನುತ್ತಲೇ ಇದ್ದಳು. ಕೇಳಿಸುತ್ತಿತ್ತು.